ಸಡಿಲ ಮಣ್ಣಿನಲ್ಲಿ ಭಾರವಾದ ವಾಹನಗಳ ಸಂಚಾರ: ರೈತರು ಗಮನಿಸಬೇಕಾದ ಅಂಶಗಳು

ಮೈಸೂರು ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ ಮತ್ತು ಎಚ್.ಡಿ. ಕೋಟೆ ತಾಲ್ಲೂಕುಗಳಲ್ಲಿ ಹಿಂದೆ ಎತ್ತಿನ ಗಾಡಿ ಮಾಡುತ್ತಿದ್ದ ಸಾಗಾಣಿಕೆಯ ಕೆಲಸವನ್ನು ಈಗ ಬಹುಮಟ್ಟಿಗೆ ಪಿಕಪ್ ವಾಹನ ಮತ್ತು ಟ್ರ್ಯಾಕ್ಟರ್ ಟ್ರೇಲರುಗಳು ಮಾಡುತ್ತಿವೆ. ಬೇಸಿಗೆಯಲ್ಲಿ ಕೊಟ್ಟಿಗೆ ಗೊಬ್ಬರ ಮತ್ತು ಕೆರೆ ಗೋಡು, ಮುಂಗಾರಿನಲ್ಲಿ ತಂಬಾಕಿನ ಸಸಿ ಮತ್ತು ಬ್ಯಾರನ್ನಿಗೆ ಸೌದೆ, ಅನಂತರ ಹಸಿ ಎಲೆ, ಕೊನೆಗೆ ಶುಂಠಿ, ಮುಸುಕಿನ ಜೋಳ, ರಾಗಿ, ಭತ್ತ ಹೀಗೆ ವರ್ಷವಿಡೀ ಹೊಲದೊಳಕ್ಕೆ ಭಾರ ಬರುತ್ತಲೂ ಹೊಲದಿಂದ ಭಾರ ಹೋಗುತ್ತಲೂ ಇರುತ್ತದೆ. ಟಾರು ರಸ್ತೆಗೆಂದು ತಯಾರಾದ ವಾಹನವು ಉತ್ತ ಹೊಲಕ್ಕೆ ಇಳಿದಾಗ ಎರಡು ಬಗೆಯ ತೊಂದರೆಗಳು ಉಂಟಾಗುತ್ತವೆ. ಒಂದು, ಚಕ್ರ ಹೂತು ವಾಹನ ನಿಂತುಹೋಗುವುದು. ಇದು ಎಲ್ಲರಿಗೂ ಗೊತ್ತಿರುವ ತೊಂದರೆ. ಎರಡನೆಯದು, ವಾಹನ ಸಲೀಸಾಗಿ ಹೊಲ ದಾಟಿ ಹೋಗಿ, ಅದರ ಚಕ್ರದಡಿಯ ಮಣ್ಣು ಬೇರು ಇಳಿಯದಷ್ಟು ಗಟ್ಟಿಯಾಗುವುದು. ಇದು ಆ ದಿನ ಕಣ್ಣಿಗೆ ಬೀಳುವುದಿಲ್ಲ. ಮುಂದಿನ ಬೆಳೆಯಲ್ಲಿ ಬೀಳುತ್ತದೆ. ಇವೆರಡರಲ್ಲಿ ಎರಡನೆಯದೇ ರೈತನಿಗೆ ಹೆಚ್ಚಿನ ನಷ್ಟ ತರುವಂಥದು. ಎರಡಕ್ಕೂ ಕಾರಣವಾಗುವ ಅಂಶಗಳನ್ನೂ ಪರಿಹಾರವನ್ನೂ ಈ ಲೇಖನದಲ್ಲಿ ವಿವರಿಸಲಾಗಿದೆ.

ಈ ಭಾಗದ ಮಣ್ಣಿನ ಗುಣ

ಈ ತಾಲ್ಲೂಕುಗಳ ಖುಷ್ಕಿ ಜಮೀನಿನಲ್ಲಿ ಹೆಚ್ಚಾಗಿರುವುದು ಕೆಂಪು ಮರಳು ಮಿಶ್ರಿತ ಗೋಡು ಮಣ್ಣು. ಹಗುರ ಮಣ್ಣಿನ ತಂಬಾಕಿಗೆ ಈ ಪ್ರದೇಶ ಹೆಸರಾಗಿರುವುದು ಇದೇ ಮಣ್ಣಿನಿಂದ. ಕೆ.ಆರ್. ನಗರದ ನಾಲಾ ಬಯಲಿನಲ್ಲಿ ಭತ್ತದ ಗದ್ದೆಗಳೂ, ಎಚ್.ಡಿ. ಕೋಟೆಯ ಕೆಲವೆಡೆ ಕಪ್ಪು ಮಣ್ಣೂ ಇವೆ. ಅಪ್ಪಟ ಮರಳು ಸಿಗುವುದು ಕಾವೇರಿ, ಲಕ್ಷ್ಮಣತೀರ್ಥ, ಕಪಿಲಾ ನದಿಗಳ ದಡದಲ್ಲಿ ಮತ್ತು ಹಳ್ಳಗಳ ಪಾತ್ರದಲ್ಲಿ ಮಾತ್ರ. ಆದರೆ ಮಾರ್ಚ್, ಏಪ್ರಿಲ್ ತಿಂಗಳಲ್ಲಿ ಮಾಗಿ ಉಳುಮೆ ಮಾಡಿ ಬಿಸಿಲಿಗೆ ಬಿಟ್ಟ ಕೆಂಪು ಹೊಲದ ಮೇಲ್ಪದರವು ಚಕ್ರದ ಮಟ್ಟಿಗೆ ಹೆಚ್ಚುಕಡಿಮೆ ಮರಳಿನಂತೆಯೇ ವರ್ತಿಸುತ್ತದೆ. ಅದರ ಕಣಗಳು ಒಂದಕ್ಕೊಂದು ಅಂಟಿಕೊಂಡಿರುವುದಿಲ್ಲ. ಒತ್ತಿದರೆ ಪಕ್ಕಕ್ಕೆ ಸರಿಯುತ್ತವೆ.

ಇದೇ ಮಣ್ಣು ತೇವಗೊಂಡಾಗ ಬೇರೆ ರೀತಿ ವರ್ತಿಸುತ್ತದೆ. ಸ್ವಲ್ಪ ತೇವವಿದ್ದಾಗ ಕಣಗಳ ನಡುವಿನ ನೀರಿನ ತೆಳುಪದರ ಅವನ್ನು ಹಿಡಿದಿಡುವುದರಿಂದ ನೆಲ ಗಟ್ಟಿಯಾಗಿ ಕಾಣುತ್ತದೆ, ವಾಹನವೂ ಸುಲಭವಾಗಿ ಓಡುತ್ತದೆ. ನೀರು ತುಂಬಿ ನಿಂತಾಗ ಮತ್ತೆ ಬಲ ಕಳೆದುಕೊಳ್ಳುತ್ತದೆ. ವಾಹನ ಓಡಿಸುವವನಿಗೆ ಅನುಕೂಲವಾಗಿ ಕಾಣುವ ಈ ನಡುವಿನ ತೇವದ ಸ್ಥಿತಿಯೇ ಮಣ್ಣಿಗೆ ಅತಿ ಅಪಾಯದ ಸ್ಥಿತಿ ಎಂಬುದನ್ನು ಮುಂದೆ ತಿಳಿಸಲಾಗಿದೆ.

ಚಕ್ರ ಹೂತುಹೋಗಲು ಕಾರಣ

ಚಕ್ರದ ಮೇಲಿನ ಭಾರವನ್ನು ನೆಲಕ್ಕೆ ತಾಗುವ ಟೈರಿನ ಭಾಗ ಹೊರುತ್ತದೆ. ಈ ಭಾಗವನ್ನು ಟೈರಿನ ಹೆಜ್ಜೆ ಎನ್ನಬಹುದು. ಒಂದು ಚದರ ಸೆಂಟಿಮೀಟರ್ ಹೆಜ್ಜೆಯ ಮೇಲೆ ಬೀಳುವ ಭಾರವನ್ನು ಮಣ್ಣು ತಾಳಲಾರದಾದಾಗ ಚಕ್ರ ಕೆಳಗಿಳಿಯುತ್ತದೆ. ಹೀಗೆ ಇಳಿದ ಚಕ್ರ ಮುಂದೆ ಸಾಗಬೇಕಾದರೆ ತಾನೇ ತೋಡಿದ ಕುಳಿಯಿಂದ ಸದಾ ಮೇಲೇರುತ್ತಲೇ ಇರಬೇಕು. ಇದರಿಂದ ವಾಹನವನ್ನು ಎಳೆಯಲು ಬೇಕಾಗುವ ಬಲ ಬಹಳ ಹೆಚ್ಚುತ್ತದೆ. ಒಳ್ಳೆಯ ಟಾರು ರಸ್ತೆಯಲ್ಲಿ ವಾಹನದ ತೂಕದ ಶೇಕಡ 1ರಿಂದ 1.5ರಷ್ಟು ಬಲ ಸಾಕಾದರೆ, ಸಡಿಲ ಮರಳಿನಲ್ಲಿ ಶೇಕಡ 20ರಿಂದ 30ರಷ್ಟು ಬೇಕಾಗಬಹುದು.

ಒಂದು ಉದಾಹರಣೆಯನ್ನು ತೆಗೆದುಕೊಳ್ಳಬಹುದು. ಪಿಕಪ್ಪಿನ ಸ್ವಂತ ತೂಕ 1,700 ಕೆ.ಜಿ. ಎಂದಿಟ್ಟುಕೊಳ್ಳೋಣ. ಅದಕ್ಕೆ 60 ಕೆ.ಜಿ.ಯ 25 ಚೀಲ ಶುಂಠಿ ಹೇರಿದರೆ ಒಟ್ಟು ತೂಕ 3,200 ಕೆ.ಜಿ. ಆಗುತ್ತದೆ. ಟಾರು ರಸ್ತೆಯಲ್ಲಿ ಇದನ್ನು ಉರುಳಿಸಲು ಸುಮಾರು 50 ಕೆ.ಜಿ. ಬಲ ಸಾಕು. ಸಡಿಲ ಮರಳಿನಲ್ಲಿ ಶೇಕಡ 25ರ ಲೆಕ್ಕಕ್ಕೆ 800 ಕೆ.ಜಿ. ಬಲ ಬೇಕು. ಹೊಲಕ್ಕೆ ಹತ್ತಕ್ಕೆ ಒಂದರಷ್ಟು ಏರು ಇದ್ದರೆ ಇನ್ನೂ 320 ಕೆ.ಜಿ. ಸೇರುತ್ತದೆ. ಹೊಲದಲ್ಲಿ ಕ್ಲಚ್ಚು ಸುಡುವುದಕ್ಕೂ ಡೀಸೆಲ್ ಹೆಚ್ಚು ಖರ್ಚಾಗುವುದಕ್ಕೂ ಇದೇ ಕಾರಣ.

ಬರಿ ವಾಹನವೂ ಹೂಳುವುದೇಕೆ?

ಹೇರು ಇಳಿಸಿ ಹಿಂದಿರುಗುವ ಬರಿ ಪಿಕಪ್ ಮರಳಿನಲ್ಲಿ ಸಿಕ್ಕಿಕೊಂಡಾಗ ರೈತರಿಗೆ ಆಶ್ಚರ್ಯವಾಗುವುದುಂಟು. ಇದಕ್ಕೆ ಕಾರಣ ಸರಳವಾಗಿದೆ. ಜೇಡಿ ಮಣ್ಣಿನಲ್ಲಿ ಚಕ್ರಕ್ಕೆ ಹಿಡಿತ ಸಿಗುವುದು ಮುಖ್ಯವಾಗಿ ಮಣ್ಣಿನ ಅಂಟಿನಿಂದ. ಅಲ್ಲಿ ಹೆಜ್ಜೆ ಅಗಲವಾದಷ್ಟೂ ಹಿಡಿತ ಹೆಚ್ಚು. ಒಣ ಮರಳಿಗೆ ಅಂಟಿಲ್ಲ. ಅಲ್ಲಿ ಹಿಡಿತ ಸಿಗುವುದು ಕಣಗಳ ತಿಕ್ಕಾಟದಿಂದ, ಅಂದರೆ ಎಂಜಿನ್ನಿನ ಬಲ ಪಡೆಯುವ ಚಕ್ರದ ಮೇಲಿರುವ ಭಾರದಿಂದ. ಸಡಿಲ ಮರಳಿನಲ್ಲಿ ಈ ಹಿಡಿತ ಹೆಚ್ಚೆಂದರೆ ಆ ಭಾರದ ಶೇಕಡ 60ರ ಆಸುಪಾಸಿನಲ್ಲಿರುತ್ತದೆ.

ಬಹುಪಾಲು ಪಿಕಪ್ಪುಗಳಲ್ಲಿ ಎಂಜಿನ್ನಿನ ಬಲ ಹಿಂಚಕ್ರಗಳಿಗೆ ಮಾತ್ರ ಹೋಗುತ್ತದೆ. ಬರಿದಾದಾಗ ಎಂಜಿನ್ನಿನ ಭಾರವೆಲ್ಲ ಮುಂದಿರುತ್ತದೆ. ಮೇಲಿನ ಉದಾಹರಣೆಯ ವಾಹನದಲ್ಲಿ ಹಿಂದೆ 700 ಕೆ.ಜಿ. ಇದೆಯೆಂದರೆ ದೊರೆಯುವ ಹಿಡಿತ 420 ಕೆ.ಜಿ.; ಬೇಕಾದ ಬಲ 425 ಕೆ.ಜಿ. ಸಾಲದಾದುದರಿಂದ ಚಕ್ರ ತಿರುಗಿದಲ್ಲೇ ತಿರುಗಿ ಮರಳನ್ನು ಹಿಂದಕ್ಕೆ ಎರಚಿ ಕುಳಿ ತೋಡುತ್ತದೆ. ಪೂರ್ಣ ಹೇರು ಹೇರಿದರೆ ಹಿಡಿತ ಹೆಚ್ಚುತ್ತದೆ, ಆದರೆ ಚಕ್ರ ಇನ್ನೂ ಆಳಕ್ಕಿಳಿದು ತಡೆಯೂ ಹೆಚ್ಚುತ್ತದೆ. ಆದುದರಿಂದ ಸಡಿಲ ನೆಲದಲ್ಲಿ ಅರ್ಧ ಹೇರೇ ಒಳ್ಳೆಯದು. ಆ ಹೇರನ್ನು ಹಿಂದಿನ ಅಚ್ಚಿನಿಂದ ಆಚೆಗೆ ಚಾಚದಂತೆ, ಅಚ್ಚಿಗೆ ಸ್ವಲ್ಪ ಮುಂದಾಗಿ ಇಡಬೇಕು.

ವಾಹನದ ಎಡ ಬಲ ಚಕ್ರಗಳಿಗೆ ಬಲ ಹಂಚುವ ಡಿಫರೆನ್ಷಿಯಲ್ಲಿನ ಗುಣವನ್ನೂ ಚಾಲಕರು ತಿಳಿದಿರಬೇಕು. ಹಿಡಿತ ತಪ್ಪಿದ ಚಕ್ರವೊಂದು ಸುತ್ತತೊಡಗಿದರೆ ಗಟ್ಟಿ ನೆಲದ ಮೇಲಿರುವ ಇನ್ನೊಂದು ಚಕ್ರಕ್ಕೂ ಬಲ ಸಿಗುವುದಿಲ್ಲ. ಟ್ರ್ಯಾಕ್ಟರುಗಳಲ್ಲಿ ಇದಕ್ಕಾಗಿ ಡಿಫರೆನ್ಷಿಯಲ್ ಲಾಕ್ ಇರುತ್ತದೆ. ಇದನ್ನು ನೇರವಾಗಿ ಹೋಗುವಾಗ ಮಾತ್ರ ಹಾಕಬೇಕು; ತಿರುಗಿಸುವ ಮೊದಲು ಬಿಡಬೇಕು. ನಾಲ್ಕೂ ಚಕ್ರಗಳಿಗೆ ಬಲವಿರುವ ವಾಹನಗಳು ಮರಳಿನಲ್ಲಿ ಖಂಡಿತವಾಗಿಯೂ ಮೇಲು. ಏಕೆಂದರೆ ವಾಹನದ ಇಡೀ ತೂಕ ಹಿಡಿತಕ್ಕೆ ಒದಗುತ್ತದೆ. ಆದರೆ ಅವು ಹೊಲವನ್ನು ಅದುಮುವುದು ಮಾತ್ರ ಕಡಿಮೆಯಾಗುವುದಿಲ್ಲ.

ಟೈರಿನ ಗಾಳಿಯ ಮಹತ್ವ

ಟೈರು ನೆಲವನ್ನು ಒತ್ತುವ ಒತ್ತಡವು ಸುಮಾರಾಗಿ ಅದರೊಳಗಿನ ಗಾಳಿಯ ಒತ್ತಡಕ್ಕೆ ಸಮನಾಗಿರುತ್ತದೆ. ಮೇಲಿನ ಉದಾಹರಣೆಯಲ್ಲಿ ಹಿಂದಿನ ಅಚ್ಚಿನ ಮೇಲೆ 2,200 ಕೆ.ಜಿ., ಅಂದರೆ ಒಂದೊಂದು ಚಕ್ರದ ಮೇಲೆ 1,100 ಕೆ.ಜಿ. ಇದ್ದು, ಟೈರಿನಲ್ಲಿ ಚದರ ಅಂಗುಲಕ್ಕೆ 60 ಪೌಂಡ್ ಗಾಳಿ ಇದ್ದರೆ ಒತ್ತಡ ಚದರ ಸೆಂ.ಮೀ.ಗೆ ಸುಮಾರು 4.2 ಕೆ.ಜಿ.; ಹೆಜ್ಜೆಯ ವಿಸ್ತೀರ್ಣ ಸುಮಾರು 260 ಚದರ ಸೆಂ.ಮೀ. ಗಾಳಿಯನ್ನು 40 ಪೌಂಡಿಗೆ ಇಳಿಸಿದರೆ ಹೆಜ್ಜೆ ಸುಮಾರು 390 ಚದರ ಸೆಂ.ಮೀ. ಆಗುತ್ತದೆ. ಗಾಳಿ ಮೂರನೇ ಒಂದರಷ್ಟು ತಗ್ಗಿದರೆ ಹೆಜ್ಜೆ ಒಂದೂವರೆ ಪಟ್ಟಾಗುತ್ತದೆ. ಹೆಜ್ಜೆ ಹಿಗ್ಗುವುದು ಮುಖ್ಯವಾಗಿ ಉದ್ದಕ್ಕೆ. ಉದ್ದವಾದ ಹೆಜ್ಜೆ ಕಡಿಮೆ ಹೂಳುತ್ತದೆ.

ಟ್ರ್ಯಾಕ್ಟರಿನ ಹಿಂಚಕ್ರದಲ್ಲಿ ಹೊಲದ ಕೆಲಸಕ್ಕೆ ಸಾಮಾನ್ಯವಾಗಿ 12ರಿಂದ 16 ಪೌಂಡ್ ಗಾಳಿ ಇರುತ್ತದೆ. ಅಂದರೆ ಅದರ ಒತ್ತಡ ಚದರ ಸೆಂ.ಮೀ.ಗೆ ಸುಮಾರು 1 ಕೆ.ಜಿ. ಮಾತ್ರ. ನೋಡಲು ಭಾರಿಯಾದ ಟ್ರ್ಯಾಕ್ಟರಿಗಿಂತ ಪಿಕಪ್ಪಿನ ಮತ್ತು ಟ್ರೇಲರಿನ ಗಡುಸು ಟೈರುಗಳೇ ಮೇಲ್ಮಣ್ಣನ್ನು ಹೆಚ್ಚು ಒತ್ತುತ್ತವೆ. ಕಬ್ಬಿಣದ ಪಟ್ಟಿಯ ಕಿರಿದಾದ ಚಕ್ರದ ಗಾಡಿಗಿಂತ ಡನ್ಲಪ್ ಗಾಡಿಯನ್ನು ಎತ್ತುಗಳು ಉತ್ತ ಹೊಲದಲ್ಲಿ ಸುಲಭವಾಗಿ ಎಳೆಯುವುದನ್ನು ಕಂಡಿರುವ ಹಿರಿಯ ರೈತರಿಗೆ ಈ ತತ್ವ ಹೊಸದೇನಲ್ಲ.

ಗಾಳಿ ಇಳಿಸುವಾಗ ಕೆಲವು ಎಚ್ಚರಿಕೆಗಳು ಅಗತ್ಯ. ಹೇರು ಇರುವಾಗ ಮೂರನೇ ಒಂದಕ್ಕಿಂತ ಹೆಚ್ಚು ಇಳಿಸಬಾರದು. ಇಳಿಸಿದ ಮೇಲೆ ಗಂಟೆಗೆ 15 ಕಿ.ಮೀ. ಮೀರಬಾರದು, ಚುರುಕಾಗಿ ತಿರುಗಿಸಬಾರದು. ಟಾರು ರಸ್ತೆಗೆ ಹತ್ತುವ ಮೊದಲು ಕಡ್ಡಾಯವಾಗಿ ಮತ್ತೆ ಗಾಳಿ ತುಂಬಬೇಕು. ಕಡಿಮೆ ಗಾಳಿಯ ಟೈರು ಹೇರಿನೊಡನೆ ವೇಗವಾಗಿ ಓಡಿದರೆ ಕಾದು ಸಿಡಿದು ಅಪಘಾತವಾಗುವ ಸಂಭವವಿದೆ. ಗಾಳಿ ಅಳೆಯುವ ಗೇಜು ಮತ್ತು ಗಾಳಿ ತುಂಬುವ ಪಂಪು ಜೊತೆಯಲ್ಲಿಲ್ಲದವರು ಗಾಳಿ ಇಳಿಸದೆ ಹೇರನ್ನೇ ಇಳಿಸುವುದು ಕ್ಷೇಮ.

ಮರುಭೂಮಿಯ ಅನುಭವ

ಈ ತತ್ವಗಳನ್ನು ಮರುಭೂಮಿಯ ಸಂಚಾರದಲ್ಲಿ ಮೊದಲಿಗೆ ಚೆನ್ನಾಗಿ ಪರೀಕ್ಷಿಸಿದವರಲ್ಲಿ ಬ್ರಿಟಿಷ್ ಸೇನೆಯ ಎಂಜಿನಿಯರ್ ರಾಲ್ಫ್ ಬ್ಯಾಗ್ನಾಲ್ಡ್ ಒಬ್ಬರು. 1920ರ ದಶಕದ ಕೊನೆ ಹಾಗೂ 1930ರ ದಶಕದಲ್ಲಿ ಅವರು ಸಾಧಾರಣ ಫೋರ್ಡ್ ಕಾರುಗಳಲ್ಲಿ ಲಿಬಿಯಾದ ಮರುಭೂಮಿಯನ್ನು ದಾಟಿದರು. ಟೈರಿನ ಗಾಳಿ ಇಳಿಸುವುದು, ಹೂತ ಚಕ್ರದ ಮುಂದೆ ಕಬ್ಬಿಣದ ತಗಡಿನ ಹಲಗೆ ಹಾಸುವುದು, ಮರಳಿನ ಗಟ್ಟಿ ಭಾಗವನ್ನು ಗುರುತಿಸಿ ಅದರ ಮೇಲೆಯೇ ಓಡಿಸುವುದು ಇವು ಅವರ ಮುಖ್ಯ ಉಪಾಯಗಳು. 1940ರಲ್ಲಿ ಅವರು ಈಜಿಪ್ಟಿನಲ್ಲಿ ಕಟ್ಟಿದ ಮರುಭೂಮಿ ಸೇನಾದಳ ಬಳಸಿದ ಷೆವರ್ಲೆ ಟ್ರಕ್ಕುಗಳು ಸುಮಾರು ಒಂದೂವರೆ ಟನ್ ಹೊರುವ, ಹಿಂಚಕ್ರಗಳಿಗೆ ಮಾತ್ರ ಬಲವಿದ್ದ ವಾಹನಗಳಾಗಿದ್ದವು. ಹೊರುವ ಭಾರದಲ್ಲಿ ಅವು ಇಂದಿನ ಪಿಕಪ್ಪಿಗೆ ಸಮವೆನ್ನಬಹುದು. ಚಕ್ರ ಮತ್ತು ಮಣ್ಣಿನ ಸಂಬಂಧವನ್ನು ಶಾಸ್ತ್ರೀಯವಾಗಿ ವಿವರಿಸಿದ ಎಂಜಿನಿಯರ್ ಬೆಕ್ಕರ್ ಅವರ ಗ್ರಂಥ 1956ರಲ್ಲಿ ಪ್ರಕಟವಾಯಿತು. 1971ರಲ್ಲಿ ಚಂದ್ರನ ಮೇಲೆ ಓಡಿದ ವಾಹನದ ರಚನೆಯಲ್ಲೂ ಅವರ ಪಾತ್ರವಿತ್ತು.

ಆದರೆ ಮರುಭೂಮಿಗೂ ಹೊಲಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. ಮರುಭೂಮಿಯಲ್ಲಿ ವಾಹನ ದಾಟಿದರೆ ಕೆಲಸ ಮುಗಿಯಿತು. ಹೊಲದಲ್ಲಿ ವಾಹನ ದಾಟಿದ ಮೇಲೆ ಬೆಳೆ ಬರಬೇಕು.

ತೇವದ ಮಣ್ಣು ಗಟ್ಟಿಯಾಗುವ ಬಗೆ

ಮರಳು, ನುಣುಪು ರೇವೆ, ಜೇಡಿ ಮೂರೂ ಬೆರೆತಿರುವ ಕೆಂಪು ಗೋಡು ಮಣ್ಣು ಒತ್ತಡಕ್ಕೆ ಬೇಗ ಅದುಮಿಕೊಳ್ಳುತ್ತದೆ. ದಪ್ಪ ಕಣಗಳ ಸಂದಿಯಲ್ಲಿ ಸಣ್ಣ ಕಣಗಳು ಕೂತು ಗಾಳಿ ಮತ್ತು ನೀರಿನ ದಾರಿಗಳು ಮುಚ್ಚಿಹೋಗುತ್ತವೆ. ಒಣ ಮಣ್ಣಿನಲ್ಲಿ ಕಣಗಳ ತಿಕ್ಕಾಟ ಇದನ್ನು ತಡೆಯುತ್ತದೆ. ತೇವದ ಮಣ್ಣಿನಲ್ಲಿ ನೀರು ಕೀಲೆಣ್ಣೆಯಂತೆ ವರ್ತಿಸಿ ಕಣಗಳು ಜಾರಿ ಕೂರಲು ನೆರವಾಗುತ್ತದೆ. ಮನೆ ಕಟ್ಟುವವರು ಪಾಯದ ಮಣ್ಣಿಗೆ ನೀರು ಚಿಮುಕಿಸಿ ದಮ್ಮಸ್ಸು ಮಾಡುವುದು ಇದೇ ಕಾರಣದಿಂದ. ಮಳೆಯ ಮರುದಿನ ಹೇರಿದ ಪಿಕಪ್ಪನ್ನು ಹೊಲಕ್ಕೆ ಇಳಿಸುವುದು ಹೊಲಕ್ಕೆ ದಮ್ಮಸ್ಸು ಹಾಕಿದಂತೆಯೇ ಸರಿ.

ಈ ಜಾತಿಯ ಮಣ್ಣಿನ ಸಾಂದ್ರತೆ ಸಾಮಾನ್ಯವಾಗಿ ಘನ ಸೆಂ.ಮೀ.ಗೆ 1.4ರಿಂದ 1.6 ಗ್ರಾಂ ಇರುತ್ತದೆ. 1.8 ಗ್ರಾಂ ತಲುಪಿದರೆ ಬೇರು ಬಹುಮಟ್ಟಿಗೆ ಇಳಿಯಲಾರದು. ಮೇಲ್ಪದರದ ಗಟ್ಟಿತನವನ್ನು ನಿರ್ಧರಿಸುವುದು ಟೈರಿನ ಗಾಳಿ. ಆಳದ ಗಟ್ಟಿತನವನ್ನು ನಿರ್ಧರಿಸುವುದು ಅಚ್ಚಿನ ಮೇಲಿನ ಒಟ್ಟು ಭಾರ. ಗಾಳಿ ಇಳಿಸಿದ ಮಾತ್ರಕ್ಕೆ ಆಳದ ಮಣ್ಣು ಉಳಿಯುವುದಿಲ್ಲ. ಹೇರನ್ನೂ ಕಡಿಮೆ ಮಾಡಬೇಕು. ಅಲ್ಲದೆ ಹಾನಿಯ ಹೆಚ್ಚಿನ ಭಾಗ ಚಕ್ರ ಮೊದಲ ಸಲ ಹಾದಾಗಲೇ ಆಗಿಬಿಡುತ್ತದೆ.

ಇದರ ಪರಿಣಾಮಗಳು ಬೆಳೆಯಲ್ಲಿ ಸ್ಪಷ್ಟವಾಗಿ ಕಂಡುಬರುತ್ತವೆ. ತಂಬಾಕಿನ ಗಿಡ ಬೇರಿನ ಬಳಿ ನೀರು ನಿಲ್ಲುವುದನ್ನು ಸಹಿಸುವುದಿಲ್ಲ. ಗಟ್ಟಿ ಪದರದ ಮೇಲೆ ನೀರು ನಿಂತರೆ ಬಿಸಿಲು ಬಂದೊಡನೆ ಸೊರಗಿ ಬೀಳುತ್ತದೆ. ಶುಂಠಿಯಲ್ಲಿ ಗೆಡ್ಡೆ ಕೊಳೆ ಹೆಚ್ಚಲು ನೀರು ಬಸಿಯದ ಮಣ್ಣು ಸಹಾಯಕ. ಹತ್ತಿಯ ತಾಯಿಬೇರು ಗಟ್ಟಿ ಪದರ ತಾಕಿ ಅಡ್ಡಲಾಗಿ ತಿರುಗುತ್ತದೆ. ಮಳೆ ಕೈಕೊಟ್ಟ ವರ್ಷ ರಾಗಿಯ ಬೇರು ಆಳದ ತೇವವನ್ನು ಮುಟ್ಟಲಾರದೆ ಪೈರು ಬಾಡುತ್ತದೆ. ಇಳಿಜಾರಿನ ಉದ್ದಕ್ಕೆ ಬಿದ್ದ ಚಕ್ರದ ಜಾಡು ಮಳೆಯಲ್ಲಿ ಕಾಲುವೆಯಾಗಿ ಮೇಲ್ಮಣ್ಣನ್ನು ಕೊಚ್ಚಿಕೊಂಡು ಹೋಗುತ್ತದೆ.

ಹೊಲಕ್ಕೆ ವಾಹನ ಇಳಿಸಬಹುದೇ? ಒಂದು ಸುಲಭ ಪರೀಕ್ಷೆ

ಒಂದು ಗೇಣು ಆಳದಿಂದ ಹಿಡಿ ಮಣ್ಣು ತೆಗೆದು ಅಂಗೈಯಲ್ಲಿ ಒತ್ತಿ ಉಂಡೆ ಕಟ್ಟಬೇಕು. ಉಂಡೆಯನ್ನು ಬೆರಳಿನಿಂದ ತಟ್ಟಿದಾಗ ಉದುರಿಹೋದರೆ ವಾಹನ ಇಳಿಸಬಹುದು. ಉಂಡೆ ಉಂಡೆಯಾಗಿಯೇ ಉಳಿದರೆ, ಅಂಗೈ ಒದ್ದೆಯಾದರೆ ಕಾಯಬೇಕು. ಒಳ್ಳೆಯ ಮಳೆಯ ನಂತರ ಹಗುರ ಮಣ್ಣು ಈ ಸ್ಥಿತಿಗೆ ಬರಲು ಎರಡು ಮೂರು ದಿನ ಬೇಕಾಗಬಹುದು. ಮೋಡ ಮುಸುಕಿದ್ದರೆ ಇನ್ನೂ ಹೆಚ್ಚು. ದಿನದ ಲೆಕ್ಕಕ್ಕಿಂತ ಉಂಡೆಯ ಪರೀಕ್ಷೆಯನ್ನೇ ನಂಬುವುದು ಲೇಸು.

ಕಷ್ಟ ಬರುವುದು ಭರಣಿ, ಕೃತ್ತಿಕಾ ಮಳೆಯ ಕಾಲದಲ್ಲಿ. ತಂಬಾಕು ನಾಟಿಯ ಅವಸರ, ಬಾಡಿಗೆ ವಾಹನದವನ ಅವಸರ ಎರಡೂ ಆಗಲೇ ಸೇರುತ್ತವೆ. ಇದಕ್ಕೆ ಪರಿಹಾರವೆಂದರೆ ಕೊಟ್ಟಿಗೆ ಗೊಬ್ಬರ ಮತ್ತು ಕೆರೆ ಗೋಡನ್ನು ಮಾರ್ಚ್ ತಿಂಗಳಿನೊಳಗೆ, ಹೊಲ ಒಣಗಿರುವಾಗಲೇ ಸಾಗಿಸಿ ಮುಗಿಸುವುದು. ಒಣ ಹೊಲದಲ್ಲಿ ವಾಹನಕ್ಕೆ ತ್ರಾಸವಾದರೂ ಮಣ್ಣಿಗೆ ಹಾನಿ ಕಡಿಮೆ. ಮಳೆ ಬಿದ್ದ ಮೇಲೆ ಸಸಿಗಳನ್ನು ಹೊಲದ ಅಂಚಿನಲ್ಲಿ ಇಳಿಸಿ ಆಳುಗಳಿಂದ ಹೊರಿಸಬಹುದು. ಕೆರೆಯಂಗಳದಲ್ಲಿ ಮೇಲ್ಪದರ ಒಣಗಿ ಬಿರಿದಿದ್ದರೂ ಕೆಳಗೆ ಹಸಿ ಕೆಸರಿರುವ ಸಂಭವವಿದೆ. ಗುದ್ದಲಿಯಿಂದ ಅಗೆದು ನೋಡದೆ ಹೇರಿದ ವಾಹನ ತರಬಾರದು.

ಶಾಶ್ವತ ಗಾಡಿ ಜಾಡು

ಎಕರೆಯೊಂದು ಚೌಕಾಕಾರವಾಗಿದ್ದರೆ ಅದರ ಒಂದು ಬದಿ ಸುಮಾರು 64 ಮೀಟರ್. ಒಂದು ಅಂಚಿನಲ್ಲಿ 3 ಮೀಟರ್ ಅಗಲದ ಜಾಡು ಬಿಟ್ಟರೆ ಹೋಗುವ ಜಮೀನು ಶೇಕಡ 5ಕ್ಕಿಂತ ಕಡಿಮೆ. ಹಾಗೆ ಬಿಡದೆ ಇಪ್ಪತ್ತು ಹೇರು ಗೊಬ್ಬರವನ್ನು ಇಪ್ಪತ್ತು ಬೇರೆ ಬೇರೆ ಸಾಲುಗಳಲ್ಲಿ ಸಾಗಿಸಿದರೆ, 20 ಸೆಂ.ಮೀ. ಅಗಲದ ಎರಡೆರಡು ಚಕ್ರದ ಗುರುತುಗಳು ಸೇರಿ ಎಕರೆಯ ಶೇಕಡ 12ಕ್ಕೂ ಹೆಚ್ಚು ಭಾಗ ತುಳಿತಕ್ಕೆ ಸಿಗುತ್ತದೆ. ಹಿಂದಿರುಗುವಾಗಲೂ ಬೇರೆ ದಾರಿ ಹಿಡಿದರೆ ಅದು ಇಮ್ಮಡಿಯಾಗುತ್ತದೆ. ಆದುದರಿಂದ ಪ್ರತಿ ಹೊಲಕ್ಕೂ ಒಂದೇ ಜಾಡನ್ನು ಗೊತ್ತುಮಾಡಿ, ಸಾಧ್ಯವಾದಷ್ಟು ಇಳಿಜಾರಿಗೆ ಅಡ್ಡವಾಗಿ, ಬದುವಿನ ಪಕ್ಕದಲ್ಲಿ ಹಾಕಿ, ಹುಲ್ಲು ಬೆಳೆಯಲು ಬಿಡಬೇಕು. ಹುಲ್ಲಿನ ಬೇರು ಸಡಿಲ ಮಣ್ಣನ್ನು ಹಿಡಿದಿಡುವುದರಿಂದ ವಾಹನವೂ ಹೂಳುವುದಿಲ್ಲ.

ವಾಹನ ಹೂತಾಗ ಅನುಸರಿಸಬೇಕಾದ ಕ್ರಮ

1. ಚಕ್ರ ಸುತ್ತತೊಡಗಿದ ಕೂಡಲೆ ಆಕ್ಸಿಲರೇಟರ್ ಬಿಡಬೇಕು. ಇನ್ನೂ ಒತ್ತಿದರೆ ಅಚ್ಚು ನೆಲಕ್ಕೆ ಕೂರುತ್ತದೆ.

2. ಹೇರನ್ನು ಅರ್ಧಕ್ಕಾದರೂ ಇಳಿಸಬೇಕು.

3. ಚಕ್ರದ ಮುಂದಿನ ಮತ್ತು ಹಿಂದಿನ ಮಣ್ಣನ್ನು ಓರೆಯಾಗಿ ತೋಡಿ ತೆಗೆಯಬೇಕು. ಅಚ್ಚಿನ ಕೆಳಗೆ ತಾಗಿರುವ ಮಣ್ಣನ್ನೂ ತೆಗೆಯಬೇಕು.

4. ಚಕ್ರದಡಿಗೆ ಹಲಗೆ, ಗೋಣಿಚೀಲ ಅಥವಾ ತೆಂಗಿನ ಗರಿ ಹಾಸಬೇಕು. ಸುತ್ತುವ ಚಕ್ರದ ನೇರಕ್ಕೆ ಯಾರೂ ನಿಲ್ಲಬಾರದು.

5. ಬಂದ ಜಾಡಿನಲ್ಲಿಯೇ ನಿಧಾನವಾಗಿ ಹಿಂದಕ್ಕೆ ಬರುವುದು ಮುಂದಕ್ಕೆ ನುಗ್ಗುವುದಕ್ಕಿಂತ ಸುಲಭ. ಆ ಜಾಡು ಆಗಲೇ ಅದುಮಿರುತ್ತದೆ.

6. ಟ್ರ್ಯಾಕ್ಟರಿನಿಂದ ಎಳೆಸುವಾಗ ಸರಪಳಿಯನ್ನು ಕೆಳಗಿನ ಎಳೆಪಟ್ಟಿಗೇ ಕಟ್ಟಬೇಕು. ಹಿಂದಿನ ಅಚ್ಚಿಗಿಂತ ಎತ್ತರದಲ್ಲಿ ಅಥವಾ ಮೇಲಿನ ಕೊಂಡಿಗೆ ಕಟ್ಟಿದರೆ ಟ್ರ್ಯಾಕ್ಟರಿನ ಮುಂಭಾಗ ಎದ್ದು ಹಿಂದಕ್ಕೆ ಮಗುಚಿ ಚಾಲಕನ ಪ್ರಾಣಕ್ಕೇ ಅಪಾಯವಾಗುತ್ತದೆ. ಜಗ್ಗಿ ಎಳೆಯದೆ ಸರಪಳಿ ಬಿಗಿಯಾದ ಮೇಲೆ ಮೆಲ್ಲಗೆ ಎಳೆಯಬೇಕು. ಸರಪಳಿ ಕಡಿದರೆ ಚಾವಟಿಯಂತೆ ಬೀಸುವುದರಿಂದ ಎಲ್ಲರೂ, ವಿಶೇಷವಾಗಿ ಮಕ್ಕಳು, ದೂರ ಇರಬೇಕು.

ಗಟ್ಟಿಯಾದ ಹೊಲವನ್ನು ಸರಿಪಡಿಸುವುದು

ಮೊದಲು ಗಟ್ಟಿ ಪದರ ಇದೆಯೇ ಎಂದು ತಿಳಿಯಬೇಕು. ಒಳ್ಳೆಯ ಮಳೆಯಾದ ಎರಡು ದಿನಗಳ ಮೇಲೆ ಬೆರಳು ಗಾತ್ರದ ಚೂಪಾದ ಕಬ್ಬಿಣದ ಸಲಾಕೆಯನ್ನು ಹೊಲದ ಬೇಲಿಯ ಬದಿಯಲ್ಲಿ ಒಮ್ಮೆ, ವಾಹನ ಓಡಾಡಿದ ಕಡೆ ಒಮ್ಮೆ ಕೈಯಿಂದ ಒತ್ತಿ ನೋಡಬೇಕು. ಬೇಲಿಯ ಬಳಿ ಸುಲಭವಾಗಿ ಇಳಿದು, ಜಾಡಿನಲ್ಲಿ ಒಂದು ಗೇಣಿಗೇ ತಡೆದರೆ ಗಟ್ಟಿ ಪದರ ಇದೆಯೆಂದು ಅರ್ಥ. ಬೇಸಿಗೆಯಲ್ಲಿ ಮಣ್ಣು ಚೆನ್ನಾಗಿ ಒಣಗಿರುವಾಗ ಉಳಿ ನೇಗಿಲಿನಿಂದ ಆ ಪದರಕ್ಕಿಂತ ಸ್ವಲ್ಪ ಕೆಳಗಿನವರೆಗೆ ಸೀಳಬೇಕು. ಹಸಿ ಮಣ್ಣಿನಲ್ಲಿ ಸೀಳಿದರೆ ಪದರ ಒಡೆಯದೆ ಬರಿ ಗೀರು ಬೀಳುತ್ತದೆ. ಅನಂತರ ಕೊಟ್ಟಿಗೆ ಗೊಬ್ಬರ ಕೊಟ್ಟು, ಸೆಣಬು ಅಥವಾ ಡಯಾಂಚದಂಥ ಹಸಿರೆಲೆ ಗೊಬ್ಬರದ ಬೆಳೆ ಬೆಳೆದು ಸೇರಿಸಿದರೆ ಮಣ್ಣಿನ ರಚನೆ ಸುಧಾರಿಸುತ್ತದೆ. ಆದರೆ ಸೀಳಿದ ಮಣ್ಣು ಮೊದಲಿಗಿಂತಲೂ ಸುಲಭವಾಗಿ ಅದುಮಿಕೊಳ್ಳುತ್ತದೆ. ಅದರ ಮೇಲೆ ಮತ್ತೆ ಹೇರಿದ ವಾಹನ ಹಾಯಿಸಿದರೆ ಮಾಡಿದ ಖರ್ಚೆಲ್ಲ ವ್ಯರ್ಥ.

ತಂಬಾಕಿನ ಬೇಲುಗಳನ್ನು ಕಟ್ಟೆಮಳಲವಾಡಿ, ಚಿಲ್ಕುಂದ, ಕಂಪಲಾಪುರ, ಪಿರಿಯಾಪಟ್ಟಣ, ಎಚ್.ಡಿ. ಕೋಟೆಯ ಹರಾಜು ಮಾರುಕಟ್ಟೆಗಳಿಗೆ ಒಯ್ಯಲು ಪಿಕಪ್ ಬೇಕೇ ಬೇಕು. ಶುಂಠಿ ಚೀಲಗಳನ್ನು ಹೊತ್ತು ತರಲು ಆಳು ಸಿಗುವುದೂ ಕಷ್ಟವಾಗಿದೆ. ಆದುದರಿಂದ ವಾಹನವನ್ನು ಹೊಲದಿಂದ ಪೂರ್ತಿ ದೂರವಿಡುವುದು ಸಾಧ್ಯವಿಲ್ಲ. ಆದರೆ ಗೊತ್ತಾದ ಜಾಡು, ಅರ್ಧ ಹೇರು, ತಕ್ಕಷ್ಟು ಗಾಳಿ, ಮಳೆಯ ನಂತರ ಎರಡು ಮೂರು ದಿನಗಳ ತಾಳ್ಮೆ ಈ ನಾಲ್ಕನ್ನು ಪಾಲಿಸುವುದು ಪ್ರತಿಯೊಬ್ಬ ರೈತನ ಕೈಯಲ್ಲಿದೆ. ವಿಸ್ತರಣಾ ಕಾರ್ಯಕರ್ತರು ಉಂಡೆಯ ಪರೀಕ್ಷೆಯನ್ನೂ ಸಲಾಕೆಯ ಪರೀಕ್ಷೆಯನ್ನೂ ಹೊಲದಲ್ಲಿಯೇ ಮಾಡಿ ತೋರಿಸಿದರೆ, ವಾಹನ ಬಾಡಿಗೆಗೆ ಕರೆಯುವ ಮೊದಲು ಹಿಡಿ ಮಣ್ಣು ತೆಗೆದು ನೋಡುವ ಅಭ್ಯಾಸ ರೈತರಲ್ಲಿ ಬೆಳೆಯುತ್ತದೆ.